ಆರುವ ತನಕ

ಖಲಂದರ್ ಸಾಬರು ಕರವಸ್ತ್ರದ ಗಂಟು ಬಿಚ್ಚಿದರು.
ಒಳಗೊಂದು ಎರಕದ ಗಾಲಿ, ಅಂಗೈ ಅಗಲ;
ಹದಿನೇಳು ಹಲ್ಲಲ್ಲಿ ಎರಡು ಇಲ್ಲ.
'ಆಲೂಗಡ್ಡೆ ವಿಂಗಡಿಸೋ ಯಂತ್ರದ್ದು.
ಮಾಡಿದ ಕಂಪನಿಯೇ ಮುಚ್ಚಿಹೋಯ್ತು.
ಮಾರ್ಕೆಟ್ಟಲ್ಲಿ ಜಲಂಧರದ ಬೀಜ ಇಳಿದು ನಿಂತಿದೆ,
ಇಡೀ ಹಾಸನ ಬೈತಿದೆ. ಯಾವಾಗ ಕೊಡ್ತೀಯಮ್ಮ?'

ನಾಳೆ ಸಂಜೆ ಅಂದೆ.
ಅವರು ಶೆಡ್ಡೆಲ್ಲ ಕಣ್ಣಾಡಿಸಿದರು: ಕುಲುಮೆ ಇಲ್ಲ, ಲೇತಿಲ್ಲ,
ನೆಲದ ಮೇಲೆ ಒಂದು ಚೂರು ಕಬ್ಬಿಣದ ಸಿಪ್ಪೆಯಿಲ್ಲ.
ಬೀರುವಿನಂಥ ಒಂದು ಪೆಟ್ಟಿಗೆ,
ಮೂಲೆಯಲ್ಲಿ ದ್ಯಾವಮ್ಮ, ಅವಳ ಜರಡಿ,
ಮೈದಾಕ್ಕಿಂತ ನುಣ್ಣಗಿನ ಬಿಳಿ ನೈಲಾನ್ ಪುಡಿ.
'ಇದರಿಂದ?'
ಇದರಿಂದಲೇ.

ಬಂದವರೆಲ್ಲ ಬೇಲೂರಿನ ಮಾತು ತೆಗೆಯುತ್ತಾರೆ,
ಅಂದು ಆ ಉಳಿ, ಇಂದು ನೀವು, ಅಂತ.
ಅಲ್ಲ ಸ್ವಾಮಿ. ಅಲ್ಲಿ ಬೇಡದ್ದು ಕೆಳಗೆ ಬಿತ್ತು.
ಇಲ್ಲಿ ಅಲಗೊಂದು ಪುಡಿಯನ್ನು ಸವರಿಕೊಂಡು ಹೋಗುತ್ತದೆ,
ಕೂದಲೆಳೆಯಷ್ಟು ದಪ್ಪ.
ಕರಗಲು ಇನ್ನೊಂದೇ ಹೆಜ್ಜೆ ಅನ್ನುವಷ್ಟು ಕಾವು;
ಆ ಒಂದು ಹೆಜ್ಜೆ ಮಾತ್ರ ಲೇಸರಿನದು.
ಕಿರಣ ಕಾಣುವುದಿಲ್ಲ. ಕಾಣುವುದು ಅದು ಮುಟ್ಟಿದ ಜಾಗ,
ಒಣ ನೆಲದಲ್ಲಿ ಯಾರೋ ಒದ್ದೆ ಬೆರಳಿಂದ
ಹಲ್ಲು ಹಲ್ಲಾಗಿ ಬರೆದ ಹಾಗೆ.
ಮರುಗಳಿಗೆ ಅದರ ಮೇಲೂ ಪುಡಿ.
ಮತ್ತೆ ಬರೆ, ಮತ್ತೆ ಮುಚ್ಚು,
ಸಾವಿರದ ನೂರು ಸಲ.

ಬೆಳಗಿನ ಜಾವಕ್ಕೆ ಮುಗಿಯಿತು.
ಎಂಟಕ್ಕೇ ಸಾಬರು ಗೇಟಿನಲ್ಲಿ,
ಹಿಂದೆ ಆಟೋ, ಎಂಜಿನ್ ಕೂಡ ಆರಿಸಿರಲಿಲ್ಲ.
ಬೆಂದಷ್ಟೇ ಹೊತ್ತು ಆರಬೇಕು, ಗೊತ್ತಿತ್ತು ನನಗೆ,
ಡಿಪ್ಲೊಮಾದಲ್ಲಿ ಬರೆದು ಅಂಕ ತಗೊಂಡ ಉತ್ತರ.
ಆದರೂ ಆ ಮುಖಕ್ಕೆ ಮನಸ್ಸು ಸೋತು
ಹತ್ತೂವರೆಗೆ ಮುಚ್ಚಳ ತೆಗೆದೆ.

ಗಾಲಿ ಬಂತು. ಗ್ಲೌಸು ತೊಟ್ಟ ಅಂಗೈಯಲ್ಲೇ
ನೋಡನೋಡುತ್ತ ಅಂಚು ಎದ್ದಿತು,
ಬಿಸಿಲಿಗಿಟ್ಟ ಹಪ್ಪಳದಂತೆ.
ಹದಿನೇಳೂ ಹಲ್ಲಿವೆ; ಕಚ್ಚಲು ಬಾರದು.

ದ್ಯಾವಮ್ಮ ಜರಡಿ ನಿಲ್ಲಿಸಲಿಲ್ಲ.
'ಬೇಯೋಗಂಟ ಕಾದವಳಿಗೆ
ಆರೋಗಂಟ ಕಾಯಕ್ಕಾಗ್ನಿಲ್ವಾ?'
ಎರಡು ಲಕ್ಷದ ತರಬೇತಿ
ಇಷ್ಟನ್ನೇ ಹೇಳಿತ್ತು, ಇಂಗ್ಲಿಷಿನಲ್ಲಿ.

ಎರಡನೇ ಸಲ ಸಾಬರೇ ಅಂದರು, ಅವಸರ ಮಾಡಬೇಡ.
ಬಾಗಿಲ ಬಳಿ ಸ್ಟೂಲು ಹಾಕಿ ಕೂತರು.
ನಡುವೆ ಹೋಗಿ, ಕೈಯಲ್ಲೇ ಗಡ್ಡೆ ಆರಿಸುತ್ತಿದ್ದ ಹೆಂಗಸರಿಗೆ
ಕೂಲಿ ಕೊಟ್ಟು ಬಂದರು.
ಬಂದವರು ದ್ಯಾವಮ್ಮನನ್ನು ಕೇಳಿದರು,
ಕರಗದೆ ಉಳೀತಲ್ಲ ಈ ಪುಡಿ, ಇದೇನಾಗುತ್ತೆ?

ಮೊದಲ ವರ್ಷ ನನಗೂ ತಿಳಿದಿರಲಿಲ್ಲ.
ಗಾಲಿಯನ್ನು ಅಲುಗದ ಹಾಗೆ ಹಿಡಿದದ್ದು ಅದೇ,
ಬೇರೆ ಕಂಬ, ಆಸರೆ, ಯಾವುದನ್ನೂ ಕೊಟ್ಟಿರಲಿಲ್ಲ.
ಕಿರಣ ಅದನ್ನು ಒಮ್ಮೆಯೂ ಮುಟ್ಟಲಿಲ್ಲ.
ಪಕ್ಕದ ಕಾವಿಗೇ ವಯಸ್ಸಾಗಿ
ತುಸು ಹಳದಿಗೆ ತಿರುಗುತ್ತದೆ.
ಜರಡಿ ಹಿಡಿದು, ಅಷ್ಟಕ್ಕಷ್ಟು ಹೊಸದು ಬೆರೆಸಿ
ಮತ್ತೆ ಸುರಿಯುತ್ತೇವೆ.
ಬರೀ ಹಳೆಯದಾದರೆ ಕಿತ್ತಳೆ ಸಿಪ್ಪೆಯಂಥ ಮೈ ಬರುತ್ತದೆ.
ಬರೀ ಹೊಸದಕ್ಕೆ ದುಡ್ಡಿಲ್ಲ.
ದ್ಯಾವಮ್ಮ ಇಷ್ಟೆಲ್ಲ ಹೇಳಲಿಲ್ಲ.
'ನಾಳೀಕೆ ಆಯ್ತದೆ' ಅಂದಳು.

ಸಂಜೆ, ಪೂರ್ತಿ ತಣ್ಣಗಾದ ಮೇಲೆ, ಬ್ರಷ್ಷಿನಿಂದ ಕೊಡವಿದೆ.
ಸಾಬರು ಉಗುರಿಂದ ತಟ್ಟಿ, ಕಿವಿಗೆ ಹಿಡಿದು,
ಹಲ್ಲು ಎಣಿಸಿದರು, ಎರಡು ಸಲ.
ಕರವಸ್ತ್ರ ಮರೆತಿದ್ದರು; ಜೇಬಿಗಿಳಿಸಿದರು.

ವಾರ ಬಿಟ್ಟು ಫೋನು. ಎದೆ ಧಸಕ್ಕೆಂದಿತು.
'ಹಲ್ಲು ಗಟ್ಟಿಯಿದೆಯಮ್ಮ. ಆದರೆ ಸದ್ದೇ ಇಲ್ಲ.
ಮೊದಲು ಗಡಗಡ ಅನ್ನೋದು, ಏನೂ ಕೇಳ್ತಿರಲಿಲ್ಲ.
ಈಗ ಹೆಂಗಸರು ನನ್ನ ಬಗ್ಗೆ ಆಡೋದೆಲ್ಲ ಕೇಳುತ್ತೆ.
ಇನ್ನೊಂದು ಮಾಡ್ತೀಯಾ, ಸ್ವಲ್ಪ ಗದ್ದಲದ್ದು?'

ಸೊಟ್ಟ ಗಾಲಿ ನನ್ನ ಮೇಜಿನ ಮೇಲಿದೆ,
ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ.